ಮೊದಲು ಗೆರೆ ಎಳೆಯಿರಿ: ಮುಚ್ಚಿದ ವ್ಯವಸ್ಥೆಯಲ್ಲಿ ಶಾಖ ಮತ್ತು ಕೆಲಸ

(ಮಂಗಳೂರಿನಲ್ಲಿ ಡಿಪ್ಲೊಮಾ ಹಾಗೂ ಪದವಿ ವಿದ್ಯಾರ್ಥಿಗಳು, ಅವರ ಮನೆಯವರು ಮತ್ತು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮೀನು ಸಾರಿಗೆ ಮಸಾಲೆ ಅರೆಯುವವರು ಇಲ್ಲಿ ತುಂಬ ಜನ ಇದ್ದೀರಿ. ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಹುಣಸೆ ಹಾಕಿ ಮಿಕ್ಸಿ ತಿರುಗಿಸುತ್ತೀರಿ. ನುಣ್ಣಗಾಗಲಿ ಅಂತ ಸ್ವಲ್ಪ ಜಾಸ್ತಿ ಹೊತ್ತು ಓಡಿಸಿ, ಆಮೇಲೆ ಜಾರ್ ಮುಟ್ಟಿ ನೋಡಿ. ಬೆಚ್ಚಗಾಗಿರುತ್ತದೆ. ಒಲೆಯ ಹತ್ತಿರವೂ ಹೋಗದ ಮಸಾಲೆ ಬಿಸಿಯಾದದ್ದು ಹೇಗೆ?

ಲೆಕ್ಕ ಹಾಕೋಣ. 500 ವಾಟ್ ಎಳೆಯುವ ಮಿಕ್ಸಿ 2 ನಿಮಿಷ ಓಡಿದರೆ 60 ಕಿಲೋಜೂಲ್ (ಶಕ್ತಿ ಅಳೆಯುವ ಮಾನ) ಕರೆಂಟು ಖರ್ಚಾಗುತ್ತದೆ. ಅದರಲ್ಲಿ ಅರ್ಧ ಮೋಟಾರಿನಲ್ಲೇ ಹೋಯಿತು ಅಂತಿಟ್ಟುಕೊಳ್ಳಿ. ಉಳಿದ 30 ಕಿಲೋಜೂಲ್ ಬ್ಲೇಡಿನ ಮೂಲಕ ಅರ್ಧ ಕೆಜಿ ಮಸಾಲೆಗೆ ಬಂತು. ಮಸಾಲೆಯಲ್ಲಿ ಹೆಚ್ಚಿನ ಪಾಲು ನೀರು. ಒಂದು ಕೆಜಿ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು, ಅರ್ಧ ಕೆಜಿಗೆ 2.1. ಹಾಗಾಗಿ 30 ಕಿಲೋಜೂಲಿಗೆ 14 ಡಿಗ್ರಿ ಏರುತ್ತದೆ. ನಮ್ಮ ಅಡುಗೆಮನೆಯಲ್ಲಿ 30 ಡಿಗ್ರಿ ಇದ್ದ ಮಸಾಲೆ 44ಕ್ಕೆ ಬಂತು. ಕೈಗೆ ಬಿಸಿ ತಾಗಲು ಅಷ್ಟು ಸಾಕು.

ಇಲ್ಲಿ ಮಸಾಲೆಗೆ ಯಾರೂ ಶಾಖ ಕೊಟ್ಟಿಲ್ಲ. ಬ್ಲೇಡ್ ಮಸಾಲೆಗಿಂತ ಬಿಸಿ ಇರಲಿಲ್ಲ, ಅದು ತಿರುಗಿತು ಅಷ್ಟೆ. ಜಾರಿನ ಗಡಿ ದಾಟಿ ಒಳಗೆ ಬಂದದ್ದು ಪೂರಾ ಕೆಲಸ, ಅಂದರೆ ತಿರುಗಿಸಿ, ತಳ್ಳಿ ಕೊಟ್ಟ ಶಕ್ತಿ. ಆದರೂ ಒಳಗೆ ಆದ ಪರಿಣಾಮ ಒಲೆಯ ಮೇಲಿಟ್ಟಾಗ ಆಗುವುದೇ. ಈಗ ಆ 44 ಡಿಗ್ರಿಯ ಮಸಾಲೆಯನ್ನು ಒಬ್ಬರ ಕೈಗೆ ಕೊಟ್ಟು, ಇದು ಅರೆದು ಬಿಸಿಯಾದದ್ದೋ, ಒಲೆಯ ಮೇಲಿಟ್ಟು ಬಿಸಿ ಮಾಡಿದ್ದೋ ಹೇಳಿ ಅಂದರೆ, ಥರ್ಮಾಮೀಟರ್ ಹಿಡಿದು ಹೇಳಲು ಸಾಧ್ಯವಿಲ್ಲ. ಇವತ್ತು ನಾನು ಹೇಳಬೇಕಾದ ಮುಖ್ಯ ಸಂಗತಿ ಇದೇ. ಶಾಖವೂ ಕೆಲಸವೂ ಗಡಿ ದಾಟುವ ಹೊತ್ತಿನಲ್ಲಿ ಮಾತ್ರ ಇರುತ್ತವೆ. ದಾಟಿದ ಮೇಲೆ ಒಳಗೆ ಉಳಿಯುವುದು ಆಂತರಿಕ ಶಕ್ತಿ, ಅಂದರೆ ವಸ್ತುವಿನೊಳಗೇ ಇರುವ ಒಟ್ಟು ಶಕ್ತಿ ಮಾತ್ರ. ವಸ್ತುವಿನೊಳಗೆ ಇಷ್ಟು ಶಾಖ ತುಂಬಿದೆ ಅಂತ ನಾವು ದಿನಾ ಹೇಳುತ್ತೇವೆ. ಮಾತಿಗೆ ಪರವಾಗಿಲ್ಲ, ಲೆಕ್ಕಕ್ಕೆ ಕೂತಾಗ ಅದು ದಾರಿ ತಪ್ಪಿಸುತ್ತದೆ.

ನಮ್ಮ ಊರಿಗೆ ಹತ್ತಿರದ ಒಂದು ಹೋಲಿಕೆ ಕೊಡುತ್ತೇನೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಿಂದ ಹಣ ಒಟ್ಟು ಮಾಡುತ್ತಿದ್ದರು. ನಿಮ್ಮ ಒಂದು ಖಾತೆಗೆ ಸ್ವಲ್ಪ ಚಿಲ್ಲರೆಯಾಗಿ, ಸ್ವಲ್ಪ ಚೆಕ್ಕಾಗಿ ಬಂತು ಅನ್ನಿ. ಬಂದ ದಿನದ ಚೀಟಿಯಲ್ಲಿ ಯಾವುದು ಹೇಗೆ ಬಂತು ಅಂತ ಬರೆದಿರುತ್ತದೆ. ಖಾತೆಯ ಬಾಕಿಯಲ್ಲಿ ಚಿಲ್ಲರೆ ಎಷ್ಟು, ಚೆಕ್ಕು ಎಷ್ಟು ಅಂತ ಕೇಳಿದರೆ ಉತ್ತರ ಇಲ್ಲ. ಶಾಖ, ಕೆಲಸ ಚೀಟಿಯಲ್ಲಿ ಬರುವ ವಿಷಯ. ಬಾಕಿ ಅಂದರೆ ಆಂತರಿಕ ಶಕ್ತಿ.

ಈಗ ಮುಚ್ಚಿದ ವ್ಯವಸ್ಥೆ ಅಂದರೆ ಏನು ಅಂತ ಸರಿಯಾಗಿ ಹೇಳಬೇಕು. ನಾವು ಗಮನ ಕೊಡುವ ವಸ್ತುವಿನ ಸುತ್ತ ಮನಸ್ಸಿನಲ್ಲೇ ಒಂದು ಗೆರೆ ಎಳೆಯುತ್ತೇವೆ. ಆ ಗೆರೆ ದಾಟಿ ವಸ್ತು ಬರಬಾರದು, ಹೋಗಬಾರದು. ಶಕ್ತಿ ದಾಟಬಹುದು. ಮುಚ್ಚಳ ಭದ್ರವಾಗಿರುವ ಮಿಕ್ಸಿ ಜಾರ್, ರೆಗ್ಯುಲೇಟರ್ ಬಂದ್ ಮಾಡಿದ ಗ್ಯಾಸ್ ಸಿಲಿಂಡರ್, ಸೀಲ್ ಮಾಡಿದ ಸೋಡಾ ಬಾಟಲಿ, ಎಲ್ಲ ಇದಕ್ಕೆ ಸೇರುತ್ತವೆ. ಗೆರೆ ಗಟ್ಟಿ ಇರಬೇಕೆಂದಿಲ್ಲ. ಪಿಸ್ಟನ್ (ಸಿಲಿಂಡರಿನೊಳಗೆ ಹಿಂದೆ ಮುಂದೆ ಸರಿಯುವ ಬಿರಡೆ) ಸರಿದ ಹಾಗೆ ಅದೂ ಸರಿಯಬಹುದು.

ಆ ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದರ ಮೇಲೆ ಹೆಸರೇ ಬದಲಾಗುತ್ತದೆ. ಬಕೆಟ್ ನೀರಿಗೆ ಹಾಕುವ ಹೀಟರ್ ಕಾಯಿಲ್ ನೋಡಿ. ನೀರಿನ ಸುತ್ತ ಮಾತ್ರ ಗೆರೆ ಎಳೆದು ಕಾಯಿಲನ್ನು ಹೊರಗಿಟ್ಟರೆ, ಬಿಸಿ ಕಾಯಿಲ್‌ನಿಂದ ತಣ್ಣನೆಯ ನೀರಿಗೆ ಹೋಗುತ್ತಿರುವುದು ಶಾಖ. ಕಾಯಿಲನ್ನೂ ಗೆರೆಯ ಒಳಗೆ ಸೇರಿಸಿಕೊಂಡರೆ, ಗೆರೆ ದಾಟುತ್ತಿರುವುದು ವಯರಿನಲ್ಲಿ ಬರುವ ಕರೆಂಟು. ಅದು ಕೆಲಸ. ಬಕೆಟ್ ಅದೇ, ನೀರು ಅದೇ, ಮೀಟರಿನಲ್ಲಿ ಏರುವ ಯೂನಿಟ್ಟೂ ಅದೇ. ಪರೀಕ್ಷೆಯಲ್ಲಿ ಗೆರೆ ಎಳೆಯದೆ ನೇರ ಸೂತ್ರಕ್ಕೆ ಹೋಗುವವರು ಎಡವುವುದು ಇಲ್ಲೇ. ನಾನು ಕಂಡ ಹಾಗೆ ಈ ವಿಷಯದಲ್ಲಿ ಮಕ್ಕಳಿಗೆ ಗಣಿತ ಕಷ್ಟ ಆಗುವುದಿಲ್ಲ, ಗೆರೆ ಎಳೆಯುವುದನ್ನು ಅವರಿಗೆ ಯಾರೂ ಸಮಾಧಾನದಿಂದ ಕಲಿಸಿರುವುದಿಲ್ಲ.

ಹಾಗಾದರೆ ಎರಡಕ್ಕೂ ಗುರುತು ಏನು? ತಾಪಮಾನದ ವ್ಯತ್ಯಾಸ ಇದೆ ಅನ್ನುವ ಒಂದೇ ಕಾರಣಕ್ಕೆ ದಾಟುವುದು ಶಾಖ. ತಿರುಗುವ ದಂಡ, ಸರಿಯುವ ಪಿಸ್ಟನ್, ವಯರಿನ ಕರೆಂಟು, ಹೀಗೆ ಬೇರೆ ಯಾವ ದಾರಿಯಲ್ಲಿ ದಾಟಿದರೂ ಅದು ಕೆಲಸ.

ಇದನ್ನು ಮನುಷ್ಯರು ಕಂಡುಕೊಳ್ಳಲು ತುಂಬ ಕಾಲ ಹಿಡಿಯಿತು. ಶಾಖ ಅಂದರೆ ವಸ್ತುಗಳೊಳಗೆ ತುಂಬಿರುವ ಒಂದು ದ್ರವ ಅಂತ ದೊಡ್ಡ ದೊಡ್ಡ ವಿಜ್ಞಾನಿಗಳೂ ನಂಬಿದ್ದರು. ರಮ್‌ಫರ್ಡ್ ಎಂಬುವರು ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವ ಕಾರ್ಖಾನೆ ನೋಡಿಕೊಳ್ಳುತ್ತಿದ್ದರು. ಕೊರೆಯುಳಿಗೆ ಒತ್ತಿ ಕುದುರೆಗಳಿಂದ ತಿರುಗಿಸುತ್ತಿದ್ದ ಫಿರಂಗಿಯ ಲೋಹದ ಸುತ್ತ ನೀರು ತುಂಬಿಸಿದರು. ಎರಡೂವರೆ ಗಂಟೆಯಲ್ಲಿ, ಬೆಂಕಿಯೇ ಇಲ್ಲದೆ, ನೀರು ಕುದಿಯಿತು. ಕೊರೆಯುತ್ತಾ ಹೋದಷ್ಟೂ ಬಿಸಿ ಬರುತ್ತಲೇ ಇತ್ತು. ಒಳಗೆ ತುಂಬಿಟ್ಟ ದ್ರವವಾಗಿದ್ದರೆ ಎಂದಾದರೂ ಖಾಲಿ ಆಗಬೇಕಿತ್ತಲ್ವಾ? ಅದನ್ನವರು 1798ರಲ್ಲಿ ಬರೆದು ಪ್ರಕಟಿಸಿದರು.

ಆಮೇಲೆ ಬಂದವರು ಜೇಮ್ಸ್ ಜೂಲ್. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನವರು, ಬಿಯರ್ ತಯಾರಿಸುವ ಮನೆತನ. ಅವರ ಉಪಕರಣ ನಮ್ಮ ಮಿಕ್ಸಿಯ ಅಜ್ಜ ಅನ್ನಿ: ಮುಚ್ಚಿದ ಪಾತ್ರೆಯಲ್ಲಿ ನೀರು, ಒಳಗೆ ರೆಕ್ಕೆ, ಹೊರಗೆ ದಾರಕ್ಕೆ ಕಟ್ಟಿದ ತೂಕ. ತೂಕ ಕೆಳಗಿಳಿದ ಹಾಗೆ ರೆಕ್ಕೆ ನೀರನ್ನು ಕಲಕುತ್ತದೆ. 1850ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೂಕವನ್ನು 20 ಸಲ ಮೇಲೆತ್ತಿ ಇಳಿಸಿದರೂ ನೀರು ಬಿಸಿಯಾದದ್ದು ಅರ್ಧ ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು. ಅಷ್ಟು ಸಣ್ಣ ಏರಿಕೆಯನ್ನು ನಂಬಿಕೆ ಬರುವಂತೆ ಅಳೆದರು. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು 772 ಪೌಂಡನ್ನು ಒಂದು ಅಡಿ ಎತ್ತುವಷ್ಟು ಕೆಲಸ ಬೇಕು ಅಂತ ಲೆಕ್ಕ ಕೊಟ್ಟರು. ಇವತ್ತಿನ ಬೆಲೆಗೂ ಅದಕ್ಕೂ ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. ಜೂಲ್ ಅಂತ ನಾವು ಬಳಸುವ ಮಾನ ಇವರದ್ದೇ ಹೆಸರು.

ಮೂರನೆಯವರು ನನಗೆ ತುಂಬ ಇಷ್ಟದವರು, ರಾಬರ್ಟ್ ಮೇಯರ್. ಜರ್ಮನಿಯ ವೈದ್ಯರು. 1840ರಲ್ಲಿ ಡಚ್ ಹಡಗಿನ ಡಾಕ್ಟರಾಗಿ ಜಾವಾಕ್ಕೆ ಹೋದರು. ಅಲ್ಲಿ ನಾವಿಕರ ರಕ್ತ ತೆಗೆದಾಗ ಅಭಿಧಮನಿಯ (ಹೃದಯಕ್ಕೆ ಮರಳುವ ರಕ್ತನಾಳದ) ರಕ್ತ ಊರಿನಲ್ಲಿ ಕಾಣುವುದಕ್ಕಿಂತ ಕೆಂಪಗೆ ಇತ್ತು. ಸೆಕೆಯ ಊರಲ್ಲಿ ಮೈ ಬೆಚ್ಚಗಿಡಲು ದೇಹ ಕಡಿಮೆ ಉರಿಸಿದರೆ ಸಾಕು, ಅದಕ್ಕೇ ರಕ್ತದಲ್ಲಿ ಆಮ್ಲಜನಕ ಹೆಚ್ಚು ಉಳಿಯುತ್ತದೆ ಅಂತ ಯೋಚಿಸಿದರು. ಅಲ್ಲಿಂದ ಅವರ ಯೋಚನೆ ದೇಹದ ಶಾಖ ಮತ್ತು ದೇಹ ಮಾಡುವ ಕೆಲಸ ಒಂದೇ ಲೆಕ್ಕಕ್ಕೆ ಸೇರಬೇಕು ಅನ್ನುವಲ್ಲಿಗೆ ಹೋಯಿತು. ನಮ್ಮಂಥದೇ ಬೆವರು ಸುರಿಯುವ ಕಡಲತೀರದಲ್ಲಿ ಈ ಯೋಚನೆ ಹುಟ್ಟಿತು ಅನ್ನುವುದು ನನಗೆ ಸಂತೋಷದ ವಿಷಯ.

ಮೇಯರ್ 1842ರಲ್ಲಿ ಒಂದು ಅಂಕಿ ಕೊಟ್ಟರು. ಅದಕ್ಕೆ ಅವರು ಪ್ರಯೋಗಾಲಯಕ್ಕೇ ಹೋಗಲಿಲ್ಲ, ಬೇರೆಯವರು ಅಳೆದಿದ್ದ ಗಾಳಿಯ ಅಂಕಿಗಳನ್ನು ತೆಗೆದುಕೊಂಡರು. ಒಂದು ಕೆಜಿ ಗಾಳಿಯನ್ನು ಗಟ್ಟಿ ಡಬ್ಬದಲ್ಲಿ ಹಾಕಿ ಒಂದು ಡಿಗ್ರಿ ಬಿಸಿ ಮಾಡಿ. 0.718 ಕಿಲೋಜೂಲ್ ಸಾಕು. ಅದೇ ಗಾಳಿಯನ್ನು ಸಲೀಸಾಗಿ ಸರಿಯುವ ಪಿಸ್ಟನ್ ಇರುವ ಸಿಲಿಂಡರಿನಲ್ಲಿ ಹಾಕಿ ಒಂದು ಡಿಗ್ರಿ ಬಿಸಿ ಮಾಡಿ. ಈಗ 1.005 ಬೇಕು. ಗಾಳಿ ಅಷ್ಟೇ, ಏರಿದ ತಾಪಮಾನವೂ ಅಷ್ಟೇ, ಆಂತರಿಕ ಶಕ್ತಿ ಹೆಚ್ಚಿದ್ದೂ ಅಷ್ಟೇ. ಜಾಸ್ತಿ ಹೋದ 0.287 ಎಲ್ಲಿಗೆ ಹೋಯಿತು? ಗಾಳಿ ಹಿಗ್ಗುವಾಗ ಹೊರಗಿನ ವಾತಾವರಣವನ್ನು ತಳ್ಳಲು ಖರ್ಚಾಯಿತು. ಈ ಎರಡು ಅಂಕಿಗಳ ವ್ಯತ್ಯಾಸದಿಂದಲೇ ಮೇಯರ್ ಶಾಖಕ್ಕೂ ಕೆಲಸಕ್ಕೂ ವಿನಿಮಯ ದರ ತೆಗೆದರು. ಒಂದು ಕೆಜಿ ನೀರನ್ನು ಒಂದು ಡಿಗ್ರಿ ಏರಿಸುವ ಶಾಖ ಒಂದು ಕೆಜಿಯನ್ನು 365 ಮೀಟರ್ ಎತ್ತಬಲ್ಲದು ಅಂದರು. ಇವತ್ತಿನ ಉತ್ತರ ಸುಮಾರು 427 ಮೀಟರ್. ಅಂದಿನ ಗಾಳಿಯ ಅಂಕಿಗಳು ಒರಟಾಗಿದ್ದವು, ಯೋಚನೆ ಮಾತ್ರ ನೆಟ್ಟಗಿತ್ತು.

ಇದನ್ನೇ ಥರ್ಮೊಡೈನಮಿಕ್ಸ್‌ನ ಮೊದಲನೆಯ ನಿಯಮ ಅಂತ ಓದುತ್ತೇವೆ. ಆಂತರಿಕ ಶಕ್ತಿಯ ಬದಲಾವಣೆ ಅಂದರೆ ಒಳಗೆ ಬಂದ ಶಾಖದಲ್ಲಿ ವ್ಯವಸ್ಥೆ ಹೊರಗೆ ಮಾಡಿದ ಕೆಲಸ ಕಳೆದದ್ದು. ಗಡಿ ಸರಿದು ಆಗುವ ಕೆಲಸಕ್ಕೆ ಒತ್ತಡ ಮತ್ತು ಗಾತ್ರದ ಬದಲಾವಣೆಯ ಗುಣಾಕಾರ. ಒತ್ತಡವೂ ಬದಲಾಗುತ್ತಿದ್ದರೆ ಸ್ವಲ್ಪ ಸ್ವಲ್ಪವಾಗಿ ಗುಣಿಸಿ ಕೂಡಿಸಬೇಕು. ಒತ್ತಡ ಮತ್ತು ಗಾತ್ರದ ಗ್ರಾಫಿನಲ್ಲಿ ಅದು ವಕ್ರರೇಖೆಯ ಕೆಳಗಿನ ಜಾಗ.

ಈ ಕೆಲಸ ಎಷ್ಟು ದೊಡ್ಡದು, ಎಷ್ಟು ಸಣ್ಣದು ಅನ್ನುವ ಅಂದಾಜು ಇರಬೇಕು. ಮಲ್ಪೆ ಬಂದರಿನಲ್ಲೋ ನಮ್ಮ ಮಂಗಳೂರಿನ ಧಕ್ಕೆಯಲ್ಲೋ ಬೋಟಿಗೆ ಐಸ್ ತುಂಬಿಸುವುದನ್ನು ನೋಡಿದ್ದೀರಿ. ಒಂದು ಕೆಜಿ ಐಸ್ ಕರಗಲು 334 ಕಿಲೋಜೂಲ್ ಶಾಖ ಹೀರುತ್ತದೆ. ಮೀನು ಕೆಡದೆ ಇರುವುದು ಇದರಿಂದ. ಕರಗಿದಾಗ ಗಾತ್ರ ಕುಗ್ಗುತ್ತದೆ, ಹಾಗಾಗಿ ವಾತಾವರಣವೇ ಅದರ ಮೇಲೆ ಕೆಲಸ ಮಾಡುತ್ತದೆ. ಎಷ್ಟು? ಬರೀ 9 ಜೂಲ್. ಕಿಲೋಜೂಲ್ ಅಲ್ಲ, ಜೂಲ್. ಬಿಟ್ಟುಬಿಡಬಹುದು. ಈಗ ಅದೇ ಒಂದು ಕೆಜಿ ನೀರನ್ನು 100 ಡಿಗ್ರಿಯಲ್ಲಿ ಹಬೆ ಮಾಡಿ. 2257 ಕಿಲೋಜೂಲ್ ಬೇಕು. ಒಂದು ಲೀಟರ್ ಇದ್ದದ್ದು 1670 ಲೀಟರಿಗೂ ಮೇಲಾಗಿ ಹಿಗ್ಗುತ್ತದೆ. ಅಷ್ಟು ಜಾಗ ಮಾಡಿಕೊಳ್ಳಲು ವಾತಾವರಣವನ್ನು ತಳ್ಳಿದ ಕೆಲಸ ಸುಮಾರು 169 ಕಿಲೋಜೂಲ್. ಗಟ್ಟಿ, ದ್ರವ ಇರುವಲ್ಲಿ ಗಡಿಯ ಕೆಲಸವನ್ನು ಮರೆತರೂ ನಡೆಯುತ್ತದೆ, ಅನಿಲ ಬಂತೆಂದರೆ ಮರೆಯುವ ಹಾಗಿಲ್ಲ.

ಈಗ ಬೋಟಿನ ಇಂಜಿನ್ ರೂಮಿಗೆ ಹೋಗೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇಡೀ ವಿಷಯ ಒಂದು ಸಿಲಿಂಡರಿನೊಳಗೆ ಉಂಟು.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಇಂಜಿನ್ನಿನಿಂದ ಇವತ್ತಿನವರೆಗೆ ಉಪಾಯ ಒಂದೇ. ಗಾಳಿಯನ್ನು ಜೋರಾಗಿ ಒತ್ತಿ ಬಿಸಿ ಮಾಡುವುದು, ಆ ಬಿಸಿಗೆ ಇಂಧನ ಚಿಮ್ಮಿಸುವುದು. ಆಗ್ನೇಯ ಏಷ್ಯಾದ ಹಲವು ಕಡೆ ಜನ ಇದಕ್ಕೂ ಎಷ್ಟೋ ಮೊದಲೇ ಒಂದು ಸಣ್ಣ ಕೊಳವೆಯಲ್ಲಿ ಕಡ್ಡಿಯನ್ನು ರಪ್ಪನೆ ಒತ್ತಿ ಬೆಂಕಿ ಹೊತ್ತಿಸುತ್ತಿದ್ದರು. ಎರಡರಲ್ಲೂ ಕೆಲಸದಿಂದಲೇ ಬಿಸಿ.

ಒಳಬರುವ ವಾಲ್ವ್ ಮುಚ್ಚಿದ ಕ್ಷಣದಿಂದ ಇಂಧನ ಚಿಮ್ಮುವ ಕ್ಷಣದವರೆಗೆ ಸಿಲಿಂಡರಿನ ಗಾಳಿ ಒಂದು ಮುಚ್ಚಿದ ವ್ಯವಸ್ಥೆ. ಆ ಅವಧಿ ಮಾತ್ರ ತೆಗೆದುಕೊಳ್ಳಿ. ಗಾಳಿ 35 ಡಿಗ್ರಿ ಇದೆ, 17 ಲೀಟರ್ ಜಾಗದಲ್ಲಿದ್ದದ್ದು ಒಂದು ಲೀಟರ್ ಜಾಗಕ್ಕೆ ಬರುವಷ್ಟು ಒತ್ತುತ್ತೇವೆ. ನಿಮಿಷಕ್ಕೆ 1500 ಸುತ್ತು ತಿರುಗುವಾಗ ಪಿಸ್ಟನ್ ಕೆಳಗಿನಿಂದ ಮೇಲೆ ಹೋಗಲು ತೆಗೆದುಕೊಳ್ಳುವ ಕಾಲ 0.02 ಸೆಕೆಂಡ್. ಅಷ್ಟರಲ್ಲಿ ಶಾಖ ಗೋಡೆಗೆ ಸೋರಲು ಪುರುಸೊತ್ತೇ ಇಲ್ಲ. ಶಾಖ ಸೊನ್ನೆ ಅಂತ ಹಿಡಿದರೆ ಮಾಡಿದ ಕೆಲಸವೆಲ್ಲ ಒಳಗೇ ಉಳಿಯುತ್ತದೆ. ಲೆಕ್ಕದ ಪ್ರಕಾರ ಗಾಳಿ 680 ಡಿಗ್ರಿ ದಾಟುತ್ತದೆ, ಒತ್ತಡ 50 ಪಟ್ಟಿಗೂ ಹೆಚ್ಚಾಗುತ್ತದೆ. ನಿಜವಾದ ಇಂಜಿನ್ನಿನಲ್ಲಿ ಸ್ವಲ್ಪ ಸೋರಿ ಇದಕ್ಕಿಂತ ಕಡಿಮೆ ಇರುತ್ತದೆ. ಆದರೂ ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 250 ಡಿಗ್ರಿಯ ಆಸುಪಾಸು ಸಾಕು, ಹಾಗಾಗಿ ಬೇಕಾದಷ್ಟು ಉಂಟು.

ಈಗ ಅದೇ ಪಿಸ್ಟನ್ನನ್ನು ತುಂಬ ನಿಧಾನ ತಳ್ಳಿ ನೋಡಿ. ಎಷ್ಟು ನಿಧಾನ ಅಂದರೆ ಬಿಸಿಯಾದ ಹಾಗೆ ಗಾಳಿ ಗೋಡೆಯ ಮೂಲಕ ತಣ್ಣಗಾಗುತ್ತಲೇ ಇರಬೇಕು. 17 ಲೀಟರ್ ಒಂದು ಲೀಟರೇ ಆಯಿತು. ಆದರೆ ತಾಪಮಾನ 35 ಡಿಗ್ರಿಯಲ್ಲೇ ನಿಂತಿದೆ. ಒತ್ತಡ 17 ಪಟ್ಟು ಮಾತ್ರ. ಪ್ರತಿ ಕೆಜಿ ಗಾಳಿಗೆ ನಾವು ಮಾಡಿದ ಕೆಲಸ ಈ ಸಲ 250 ಕಿಲೋಜೂಲ್, ಅದಷ್ಟೂ ಶಾಖವಾಗಿ ಹೊರಗೆ ಹೋಯಿತು. ಆಂತರಿಕ ಶಕ್ತಿಯಲ್ಲಿ ಬದಲಾವಣೆ ಸೊನ್ನೆ. ವೇಗವಾಗಿ ಒತ್ತಿದಾಗ ಕೆಲಸ 466 ಕಿಲೋಜೂಲ್, ಹೊರಗೆ ಹೋದ ಶಾಖ ಸೊನ್ನೆ. ಶುರುವಾದ ಜಾಗ ಒಂದೇ, ಕೊನೆಯ ಗಾತ್ರವೂ ಒಂದೇ. ಹೋದ ದಾರಿ ಬೇರೆ, ಹಾಗಾಗಿ ಶಾಖ, ಕೆಲಸ ಎರಡೂ ಬೇರೆ, ತಲುಪಿದ ಸ್ಥಿತಿಯೂ ಬೇರೆ.

ಇಲ್ಲಿ ಸಭೆಯಿಂದ ಒಬ್ಬರು ಕೇಳಿದರು: ಬ್ಯಾಟರಿ ವೀಕ್ ಆಗಿದ್ದರೆ ಇಂಜಿನ್ ತಿರುಗಿದರೂ ಹಿಡಿಯುವುದಿಲ್ಲ, ಯಾಕೆ? ಉತ್ತರ ಈಗಷ್ಟೇ ಮಾಡಿದ ಲೆಕ್ಕದಲ್ಲೇ ಇದೆ. ನಿಧಾನ ತಿರುಗಿದರೆ ಗಾಳಿಯ ಬಿಸಿ ತಣ್ಣನೆಯ ಸಿಲಿಂಡರ್ ಗೋಡೆಗೆ ಹೋಗಲು ಸಮಯ ಸಿಗುತ್ತದೆ. ನಮ್ಮ ಎರಡು ದಾರಿಗಳಲ್ಲಿ ಇಂಜಿನ್ ಎರಡನೆಯದರ ಕಡೆ ವಾಲುತ್ತದೆ, ಗಾಳಿ ಹೊತ್ತಿಸುವಷ್ಟು ಬಿಸಿ ಆಗುವುದಿಲ್ಲ. ಪಿಸ್ಟನ್ನಿನ ಸುತ್ತ ಇರುವ ರಿಂಗ್ ಸವೆದಿದ್ದರೆ ಇನ್ನೊಂದು ತೊಂದರೆ: ಪಿಸ್ಟನ್ನಿನ ಬದಿಯಿಂದ ಗಾಳಿಯೇ ಸೋರುತ್ತದೆ. ಆಗ ಅದು ಮುಚ್ಚಿದ ವ್ಯವಸ್ಥೆಯಾಗಿ ಉಳಿಯಲಿಲ್ಲ. ಮೆಕ್ಯಾನಿಕ್ ಬಂದು "ಕಂಪ್ರೆಶನ್ ಇಲ್ಲ" ಅಂದರೆ ಅವರು ಹೇಳುವುದು ಇದನ್ನೇ.

ಆ 466 ಕಿಲೋಜೂಲನ್ನು ಕೈಗೆ ಸಿಗುವ ಹಾಗೆ ಹೇಳುತ್ತೇನೆ. ಒಂದು ಲೀಟರ್ ಗಾಳಿಯ ತೂಕ ಒಂದು ಗ್ರಾಮಿಗಿಂತ ಸ್ವಲ್ಪ ಜಾಸ್ತಿ. ಅದನ್ನು ಹೀಗೆ ಒಂದು ಸಲ ಒತ್ತಲು ಬೇಕಾದ ಕೆಲಸ 500 ಜೂಲಿಗೂ ಮೇಲೆ. 50 ಕೆಜಿಯ ಅಕ್ಕಿ ಮೂಟೆಯನ್ನು ಒಂದು ಮೀಟರ್ ಎತ್ತಿದಷ್ಟು. ಹ್ಯಾಂಡಲ್ ಹಾಕಿ ತಿರುಗಿಸುವ ಸಣ್ಣ ಇಂಜಿನ್ನುಗಳಲ್ಲಿ ಡಿಕಂಪ್ರೆಶನ್ ಲಿವರ್ ಇಟ್ಟಿರುವುದು ಇದಕ್ಕೇ. ಲಿವರ್ ಎತ್ತಿ ಹಿಡಿದರೆ ವಾಲ್ವ್ ತೆರೆದೇ ಇರುತ್ತದೆ, ಗಾಳಿ ಒತ್ತಿಕೊಳ್ಳುವುದಿಲ್ಲ, ಕೈಗೆ ಹಗುರ. ಚಕ್ರಕ್ಕೆ ವೇಗ ಬಂದ ಮೇಲೆ ಲಿವರ್ ಬಿಡುತ್ತಾರೆ. ಚಕ್ರದಲ್ಲಿ ಕೂಡಿಟ್ಟ ಚಲನೆಯೇ ಗಾಳಿಯನ್ನು ಒತ್ತುತ್ತದೆ. ಅರೆಯುವ ಕೆಲಸದಲ್ಲೂ ಈ ವೇಗದ ಮಾತು ಬರುತ್ತದೆ ನೋಡಿ. ಕಡೆಯುವ ಕಲ್ಲಿನಲ್ಲಿ ಅರೆದ ಮಸಾಲೆ ಮಿಕ್ಸಿಯಷ್ಟು ಬಿಸಿಯಾಗುವುದಿಲ್ಲ. ಕೈ ನಿಧಾನ, ಕಲ್ಲು ದೊಡ್ಡದು, ಬಂದ ಬಿಸಿಯನ್ನು ಅದು ಹೀರಿಕೊಳ್ಳುತ್ತದೆ. ಅಜ್ಜಿಯಂದಿರು ಕಲ್ಲಿನ ಮಸಾಲೆಯ ಪರಿಮಳವೇ ಬೇರೆ ಅನ್ನುವುದರಲ್ಲಿ ಇದರ ಪಾಲೂ ಇರಬಹುದು ಅಂತ ನನಗೆ ಅನಿಸುತ್ತದೆ.

ಕುಕ್ಕರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕುಚ್ಚಲಕ್ಕಿ ಹಾಕಿ ಮುಚ್ಚಳ, ವೈಟ್ ಇಟ್ಟ ಮೇಲೆ ವಿಸಿಲ್ ಬರುವವರೆಗೆ ಅದು ಮುಚ್ಚಿದ ವ್ಯವಸ್ಥೆ. ಗೋಡೆ ಗಟ್ಟಿ, ಗಾತ್ರ ಬದಲಾಗದು, ಗಡಿಯ ಕೆಲಸ ಸೊನ್ನೆ. ಬಂದ ಶಾಖವೆಲ್ಲ ಆಂತರಿಕ ಶಕ್ತಿ. ಒಳಗಿನ ಒತ್ತಡ ವಾತಾವರಣದ ಎರಡು ಪಟ್ಟಾದಾಗ ನೀರು ಕುದಿಯುವುದು 120 ಡಿಗ್ರಿಯಲ್ಲಿ, ಅದಕ್ಕೇ ಅಕ್ಕಿ ಬೇಗ ಬೇಯುತ್ತದೆ. ವಿಸಿಲ್ ಹೊಡೆದಾಗ ಹಬೆ ಗಡಿ ದಾಟಿತು, ಆ ಕ್ಷಣ ನಮ್ಮ ವ್ಯವಸ್ಥೆ ಮುಚ್ಚಿದ್ದಲ್ಲ. ಗ್ಯಾಸ್ ಆರಿಸಿದ ಮೇಲೆ ಪುನಃ ಮುಚ್ಚಿದ್ದು, ಈಗ ಶಾಖ ಹೊರಗೆ ಮಾತ್ರ ಹೋಗುತ್ತದೆ. ಮುಚ್ಚಳದ ಮೇಲೆ ತಣ್ಣೀರು ಹಾಕುವುದು ಅದನ್ನು ಬೇಗ ಹೊರಗೆ ಕಳಿಸಲು. ಪೂರ್ತಿ ತಣ್ಣಗಾದ ಮೇಲೆ ವೈಟ್ ಎತ್ತಿದರೆ ಕೆಲವೊಮ್ಮೆ ಗಾಳಿ ಒಳಗೆ ಎಳೆದುಕೊಳ್ಳುವ ಸದ್ದು ಕೇಳುತ್ತದೆ. ಹಬೆ ನೀರಾಗಿ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗೆ ಇಳಿದಿರುತ್ತದೆ.

ಕೊನೆಗೆ ಮಲಗುವ ಕೋಣೆ. ಏಪ್ರಿಲ್, ಮೇ ಸೆಕೆಗೆ ನಾವೆಲ್ಲ ಫ್ಯಾನ್ ಹಾಕಿ ಮಲಗುತ್ತೇವೆ. ಸೊಳ್ಳೆ ಬರುತ್ತದೆ ಅಂತ ಬಾಗಿಲು, ಕಿಟಕಿ ಎಲ್ಲ ಬಂದ್. ಕೋಣೆಯ ಗಾಳಿಯ ಸುತ್ತ ಗೆರೆ ಎಳೆಯಿರಿ, ಫ್ಯಾನ್ ಒಳಗೇ ಇರಲಿ. ಗೆರೆ ದಾಟಿ ಬರುವುದು 75 ವಾಟ್ ಕರೆಂಟು, ಅಂದರೆ ಕೆಲಸ. 8 ಗಂಟೆಗೆ 2160 ಕಿಲೋಜೂಲ್. 3 ಮೀಟರ್ ಅಗಲ, 3.5 ಮೀಟರ್ ಉದ್ದ, 3 ಮೀಟರ್ ಎತ್ತರದ ಕೋಣೆಯಲ್ಲಿ ಗಾಳಿ ಸುಮಾರು 36 ಕೆಜಿ. ಒಂದು ಡಿಗ್ರಿ ಏರಲು ಅದಕ್ಕೆ 26 ಕಿಲೋಜೂಲ್ ಸಾಕು. ಗೋಡೆ ಸ್ವಲ್ಪವೂ ಶಾಖ ಬಿಡದಿದ್ದರೆ ಬೆಳಗಾಗುವಾಗ ಗಾಳಿ 83 ಡಿಗ್ರಿ ಜಾಸ್ತಿ ಬಿಸಿ! ನಾವು ಬದುಕಿ ಏಳುವುದು ಗೋಡೆ, ನೆಲ, ಮಾಡು ಆ ಶಾಖವನ್ನು ಹೀರಿ ಹೊರಗೆ ಕಳಿಸುವುದರಿಂದ. ಫ್ಯಾನ್ ಕೋಣೆಯನ್ನು ತಣ್ಣಗೆ ಮಾಡುವುದಿಲ್ಲ. ಮೈಯ ಬೆವರು ಆರಲು ಸಹಾಯ ಮಾಡುತ್ತದೆ, ಹಾಯೆನಿಸುವುದು ಅದರಿಂದ. ಖಾಲಿ ಕೋಣೆಯಲ್ಲಿ ಫ್ಯಾನ್ ಓಡಿಸಿ ಬಿಡುವುದು ಕರೆಂಟು ಕೊಟ್ಟು ಕೋಣೆ ಬಿಸಿ ಮಾಡಿದ ಹಾಗೆ. ದಯವಿಟ್ಟು ಆಫ್ ಮಾಡಿ.

ಎರಡು ಪ್ರಶ್ನೆ ಬಂದವು. ಮೊದಲನೆಯದು ವಿದ್ಯಾರ್ಥಿನಿಯೊಬ್ಬರದ್ದು: ಇಂಜಿನಿಯರಿಂಗ್ ಪುಸ್ತಕದಲ್ಲಿ ಕೆಲಸವನ್ನು ಕಳೆಯುತ್ತಾರೆ, ಕೆಮಿಸ್ಟ್ರಿ ಪುಸ್ತಕದಲ್ಲಿ ಕೂಡಿಸುತ್ತಾರೆ, ಯಾವುದು ಸರಿ? ಎರಡೂ ಸರಿ. ಇಂಜಿನಿಯರುಗಳಿಗೆ ಯಂತ್ರದಿಂದ ಎಷ್ಟು ಕೆಲಸ ಸಿಕ್ಕಿತು ಅನ್ನುವುದು ಮುಖ್ಯ, ಹೊರಗೆ ಹೋದದ್ದನ್ನು ಪ್ಲಸ್ ಅನ್ನುತ್ತಾರೆ. ಕೆಮಿಸ್ಟ್ರಿಯವರು ಒಳಗೆ ಬಂದದ್ದೆಲ್ಲ ಪ್ಲಸ್ ಅನ್ನುತ್ತಾರೆ. ಉತ್ತರ ಪತ್ರಿಕೆಯ ಮೊದಲ ಸಾಲಿನಲ್ಲೇ ಯಾವ ಪದ್ಧತಿ ಅಂತ ಬರೆಯಿರಿ, ಪಕ್ಕದಲ್ಲಿ ಬಾಣದ ಗುರುತಿನ ಚಿತ್ರ ಹಾಕಿ. ನಡುವೆ ಮಾತ್ರ ಬದಲಿಸಬೇಡಿ.

ಎರಡನೆಯದು, ಮುಚ್ಚಿದ ಕೋಣೆಯಲ್ಲಿ ಫ್ರಿಜ್ ಬಾಗಿಲು ತೆರೆದಿಟ್ಟರೆ ತಣ್ಣಗಾಗುತ್ತದಾ ಅಂತ. ಕೋಣೆಯ ಸುತ್ತ ಗೆರೆ ಎಳೆಯಿರಿ, ಫ್ರಿಜ್ ಒಳಗೆ. ಮುಂದಿನ ಬಾಗಿಲಿನಿಂದ ತೆಗೆದ ಶಾಖವನ್ನು ಅದು ಹಿಂದಿನಿಂದ ಅದೇ ಕೋಣೆಗೆ ಬಿಡುತ್ತದೆ. ಗೆರೆ ದಾಟಿ ಬಂದದ್ದು ಕಂಪ್ರೆಸರಿನ ಕರೆಂಟು ಮಾತ್ರ, ಅದೂ ಒಳಗೇ ಉಳಿಯಿತು. ಒಟ್ಟಿನಲ್ಲಿ ಕೋಣೆ ಬಿಸಿಯಾಗುತ್ತದೆ. ಎ.ಸಿ.ಯಲ್ಲೂ ಇದೇ ಯಂತ್ರ, ಬಿಸಿ ಬಿಡುವ ಪೆಟ್ಟಿಗೆ ಮಾತ್ರ ಗೋಡೆಯ ಆಚೆ ಇರುತ್ತದೆ. ಆ ಪೆಟ್ಟಿಗೆಯನ್ನೂ ಕೋಣೆಯೊಳಗೇ ಕೂರಿಸಿದರೆ ಎ.ಸಿ. ಕೂಡ ಹೀಟರ್ ಆಗುತ್ತದೆ.